ಒಂದೇ ಉಸಿರಿನ ಹಾಜರಿ

ನಮ್ಮ ಊರಿನಲ್ಲಿ ಸೂರ್ಯ ಹುಟ್ಟಿದರೆ ಸಾಲದು, ಹಾಜರಿ ಕೂಗಬೇಕು.

ಕೂಗುವವಳು ಗುಡ್ಡದ ಮೇಲಿನ ಬಂಡೆ ಹತ್ತುತ್ತಾಳೆ. ಬಂಡೆಯ ಅಡಿಯಲ್ಲಿ ಒಂದು ಗವಿ. ಗವಿಯ ಬಾಯಿಂದ ವರ್ಷವಿಡೀ ತಣ್ಣನೆಯ ಗಾಳಿ ಬರುತ್ತದೆ. ಆ ಗಾಳಿಯನ್ನು ಎದೆ ತುಂಬ ಎಳೆದುಕೊಂಡು, ಊರಿನ ಸುತ್ತ ಬದುಕಿರುವ ಜೀವಗಳ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುತ್ತಾಳೆ. ಉಸಿರು ಎಲ್ಲಿ ಮುಗಿಯಿತೋ ಅಲ್ಲಿಗೆ ಹಾಜರಿ ಮುಗಿಯಿತು. ಕರೆದದ್ದು ಕಾಣುತ್ತದೆ. ಕರೆಯದ್ದು ಕಾಣುವುದಿಲ್ಲ. ಇಷ್ಟೇ ನಮ್ಮ ಊರಿನ ಕಟ್ಟಳೆ.

ನರಿಯ ಹೆಸರು ಬಿಟ್ಟುಹೋದದ್ದು ನಮ್ಮ ತಾತನ ಕಾಲದಲ್ಲಿ. ಅಂದಿನ ಕೂಗುವವನಿಗೆ ನೆಗಡಿಯಾಗಿತ್ತಂತೆ. ಒಂದು ಸೀನು ಬಂತು, ನರಿ ಹೋಯಿತು. ಒಂಬತ್ತು ದಿನ ಮಾತ್ರ ಧೂಳಿನಲ್ಲಿ ಅದರ ಹೆಜ್ಜೆ ಮೂಡುತ್ತಿತ್ತು, ಕೋಳಿಗಳು ಕಾಣೆಯಾಗುತ್ತಿದ್ದವು, ಹಿಡಿದುಕೊಂಡು ಹೋಗುವವರು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹತ್ತನೆಯ ದಿನ ಹೆಜ್ಜೆಯೂ ಇಲ್ಲ. ಸೀನಿದ ಮಾರನೆಯ ಬೆಳಗಿನಿಂದಲೇ ಒಂದು ವರ್ಷ ದಿನಕ್ಕೊಮ್ಮೆ ನರಿಯನ್ನು ಕರೆದು ನೋಡಿದ್ದರು. ಬರಲಿಲ್ಲ. ಒಮ್ಮೆ ಬಿಟ್ಟ ಹೆಸರನ್ನು ಕೂಗುವುದು ಉಸಿರಿಗೆ ದಂಡ ಎಂದು ಹಿರಿಯರು ತೀರ್ಮಾನಿಸಿದರು. ಅದರ ಜಾಗದಲ್ಲಿ ಊರಿಗೆ ಇನ್ನೊಂದು ಬಿರುದು ಸೇರಿಸಿದರು.

ಬಿರುದುಗಳ ವಿಷಯ ಹೇಳಲಿಲ್ಲ, ಅಲ್ಲವೇ? ಹಾಜರಿ ಶುರುವಾಗುವುದೇ ಊರಿನ ಬಿರುದುಗಳಿಂದ. ಒಂಬತ್ತು ಬಿರುದು. ಕಲ್ಲಿನ ಕೋಟೆಯ ಊರು, ಕೆಡದ ದೀಪದ ಊರು, ನಾಲ್ಕು ದಿಕ್ಕಿಗೂ ಮಿಗಿಲಾದ ಊರು, ಹೀಗೆ. ಮೂವರು ಹಿರಿಯರು ಗುಡ್ಡದ ಬುಡದ ಕಟ್ಟೆಯ ಮೇಲೆ ಒಂದು ಕಂಚಿನ ಗಂಟೆ ಇಟ್ಟುಕೊಂಡು, ಕೈಮುಗಿದು, ಕಣ್ಣುಮುಚ್ಚಿ ಕೇಳುತ್ತಾರೆ. ಒಂದು ಬಿರುದು ತಪ್ಪಿದರೂ ಗಂಟೆ ಬಾರಿಸುತ್ತಾರೆ. ಬಾರಿಸಿದರೆ ಆ ದಿನದ ಹಾಜರಿ ಇಡಿಯಾಗಿ ರದ್ದು. ಬಿರುದುಗಳು ಮುಗಿದ ಕೂಡಲೇ ಎದ್ದು ಕಾಫಿಗೆ ಹೋಗುತ್ತಾರೆ. ಆಮೇಲೆ ಮೂವತ್ತೊಂಬತ್ತು ಜೀವಗಳ ಹೆಸರು. ನಲವತ್ತನೆಯದು, ಕೊನೆಯದು, ಕೂಗುವವಳು ತನ್ನನ್ನೇ ಕರೆದುಕೊಳ್ಳುವುದು. ಆ ನಲವತ್ತನ್ನು ಕೇಳಲು ಬುಡದಲ್ಲಿ ಒಬ್ಬನೇ ನಿಂತಿರುತ್ತಿದ್ದ. ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಿಸುತ್ತ, ನಾಲ್ಕು ಸುತ್ತು ಹತ್ತು ಬೆರಳು, ಕೊನೆಯ ಕಿರುಬೆರಳು ಮಡಿಸಿದ ಮೇಲೆ ಮೇಲಕ್ಕೆ ನೋಡುತ್ತಿದ್ದ. ಬಂಡೆಯ ಮೇಲೆ ಅವಳು ಕಾಣುತ್ತಿದ್ದಳು.

ಅವನು ನಾನು. ಅವಳು ನನ್ನ ಹೆಂಡತಿ.

ಹೊಳೆಯಾಚೆಯ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ನಿವೃತ್ತಿಯಷ್ಟು ಸುಖ ಬೇರೆ ಇಲ್ಲ. ಗಂಟೆ ಹೊಡೆದರೂ ಮಾತು ನಿಲ್ಲಿಸಬೇಕಾಗಿಲ್ಲ. ಅವಳ ಪಾಡು ಬೇರೆ. ಕೂಗುವವರು ಉಸಿರನ್ನು ಉಳಿಸಿಕೊಳ್ಳಬೇಕು ಎಂದು ನಮ್ಮ ಊರಿನಲ್ಲಿ ಹಿಂದಿನಿಂದ ನಡೆದು ಬಂದ ರೂಢಿ. ಹಾಜರಿ ಬಿಟ್ಟು ದಿನಕ್ಕೆ ಏಳು ಮಾತು, ಅಷ್ಟೇ. ಇಪ್ಪತ್ತನೆಯ ವಯಸ್ಸಿನಲ್ಲಿ ಅವಳನ್ನು ಆರಿಸಿದರು. ಊರಿನಲ್ಲೇ ಕಡಿಮೆ ಮಾತಾಡುವ ಹುಡುಗಿ ಎಂಬುದೇ ಅವಳ ಅರ್ಹತೆ. ಹಾಡಬಾರದು, ಗಟ್ಟಿಯಾಗಿ ನಗಬಾರದು, ಏರು ಹತ್ತುವಾಗ ಏದುಸಿರು ಬಿಡಬಾರದು. ನಲವತ್ತು ವರ್ಷ ನಾನು ಇಬ್ಬರ ಪಾಲಿನದನ್ನೂ ಮಾತಾಡಿದೆ. ಅವಳು ಏಳು ಮಾತುಗಳನ್ನು ಬೆಳಗಿನಿಂದ ಕೂಡಿಟ್ಟು, ಬೇಕಾದಾಗ ನನ್ನ ಮೇಲೆ ಬಳಸುತ್ತಿದ್ದಳು. ದೋಸೆಯಲ್ಲಿ ತೂತು ಹೇಗೆ ಬೀಳುತ್ತದೆ ಎಂದು ಒಂದು ದಿನ ನಾನು ಒಲೆಯ ಮುಂದೆಯೇ ವಿವರಿಸುತ್ತ ಕೂತಿದ್ದೆ. ಕೊನೆಗೆ ಅವಳೆಂದಳು: "ದೋಸೆ ಆರಿತು. ತೂತಿಗಿಂತ ಬಾಯಿ ದೊಡ್ಡದು. ಮೊದಲು ತಿನ್ನಿ." ಎಣಿಸಿ ನೋಡಿ, ಏಳು. ಆ ದಿನದ ಪಾಲು ಮುಗಿಯಿತು.

ಅವಳನ್ನು ನಾನು ಹೆಸರು ಹಿಡಿದು ಕರೆದವನಲ್ಲ. ನಮ್ಮ ಕಾಲದ ಗಂಡಂದಿರು ಕರೆಯುತ್ತಿರಲಿಲ್ಲ. "ಇವಳೇ" ಎಂದರೆ ತಿರುಗುತ್ತಿದ್ದಳು, ಸಾಕಾಗುತ್ತಿತ್ತು.

ಹೋದ ವರ್ಷ ಅವಳ ಉಸಿರು ಕಿರಿದಾಯಿತು. ಮೂವತ್ತೈದನೆಯ ಹೆಸರಿಗೆ ದನಿ ಸಣ್ಣಗಾಗುತ್ತಿತ್ತು, ನಲವತ್ತನೆಯದಕ್ಕೆ ದಾರದ ಎಳೆಯಷ್ಟೇ ಉಳಿಯುತ್ತಿತ್ತು. ಇದು ಗೊತ್ತಿದ್ದದ್ದು ನನಗೊಬ್ಬನಿಗೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಕಟ್ಟೆಯ ಮೇಲೆ ಏನೋ ಮಾತಿಗೆ ಮಾತು ಬೆಳೆದು ಹೇಳಿಬಿಟ್ಟೆ.

ದೊಡ್ಡ ಹಿರಿಯ ಒಂದು ಕ್ಷಣವೂ ಯೋಚಿಸಲಿಲ್ಲ. ಉಸಿರು ಸಾಲದಿದ್ದರೆ ಒಂದು ಹೆಸರು ಕಡಿಮೆ ಮಾಡಿದರಾಯಿತು ಎಂದ. ಯಾವುದು ಹೇಗೂ ಹೋಗುವುದೋ ಅದನ್ನು ನಾವೇ ಬಿಡುವುದು ಮರ್ಯಾದೆ ಎಂದ. ಪಟ್ಟಿಯಲ್ಲಿ ತೀರ ಕಡಿಮೆ ಉಳಿದಿದ್ದವು ಎರಡು: ಬಯಲಿನ ಎರೆಹಕ್ಕಿ, ಗವಿಯ ಎಲೆಮೂಗಿನ ಬಾವಲಿ. ಆಮೇಲೆ ನನ್ನ ಕಡೆ ತಿರುಗಿದ.

"ನೀವು ಓದಿದವರು, ಮೇಷ್ಟ್ರೇ. ಎರಡನ್ನೂ ತಾಳೆ ನೋಡಿ. ಯಾವುದನ್ನು ಬಿಡಬೇಕು ಅಂತ ಮೂರು ಹುಣ್ಣಿಮೆಯ ಒಳಗೆ ಹೇಳಿ."

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಬಹಳ ಖುಷಿಯಾಯಿತು. ನಿವೃತ್ತನಿಗೆ ಕೆಲಸ ಸಿಕ್ಕರೆ ಏನಾಗುತ್ತದೆ ಎಂದು ನಿವೃತ್ತರಿಗೇ ಗೊತ್ತು. ಹೊಸ ನೋಟುಪುಸ್ತಕ ಕೊಂಡೆ, ನಡುವೆ ಗೆರೆ ಎಳೆದೆ, ಎಡಕ್ಕೆ ಹಕ್ಕಿ, ಬಲಕ್ಕೆ ಬಾವಲಿ ಎಂದು ಬರೆದೆ.

ಮೊದಲು ಬಯಲಿಗೆ ಹೋದೆ. ಅಲ್ಲಿ ಕುರಿ ಕಾಯುವ ಮುದುಕಿ ಇದ್ದಳು. ಅವಳ ಹಿಂದೆ ಬಗ್ಗಿ ನಡೆದು ಹುಲ್ಲಿನ ಮರೆಯಲ್ಲಿ ಕೂತೆ. ಹಕ್ಕಿ ಬಂತು. ನನ್ನ ಸೊಂಟದಷ್ಟು ಎತ್ತರ, ಬಿಳಿಯ ಕುತ್ತಿಗೆ, ತಲೆಗೆ ಕಪ್ಪು ಟೋಪಿ, ಕಾಲೇಜಿಗೆ ತಪಾಸಣೆಗೆ ಬಂದವರ ನಡಿಗೆ. ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಹುಲ್ಲನ್ನು ಅನುಮಾನದಿಂದ ನೋಡುತ್ತದೆ. ವರ್ಷಕ್ಕೆ ಒಂದು ಮೊಟ್ಟೆ, ಅದೂ ಬರೀ ನೆಲದ ಮೇಲೆ, ಗೂಡಿಲ್ಲ. ಎಷ್ಟಿವೆ ಎಂದು ಕೇಳಿದೆ. ಏಳು ಎಂದಳು. ಅವಳು ಮದುವೆಯಾಗಿ ಬಂದಾಗ ಕುರಿಗಳ ನಡುವೆ ಕುರಿಗಳಷ್ಟೇ ಇದ್ದವಂತೆ.

ಬಯಲಿನ ಮೇಲೆ ಊರಿನ ದೀಪಗಳಿಗೆ ಹೋಗುವ ತಂತಿಗಳು ಸಾಲಾಗಿ ಹಾದುಹೋಗಿದ್ದವು. ಕೆಡದ ದೀಪದ ಊರು ನಮ್ಮದು. ಹಕ್ಕಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿ, ಮೈ ಭಾರ, ಹಾರುವಾಗ ಎದುರಿನ ತಂತಿ ಕಾಣುವುದಿಲ್ಲ, ಕಂಡರೂ ತಿರುಗಲಾಗುವುದಿಲ್ಲ.

"ನೆಲ ನೋಡ್ಕೊಂಡೇ ಹಾರ್ತದೆ, ಎದುರಿಗೆ ಏನೈತೆ ನೋಡಾಕಿಲ್ಲ," ಎಂದಳು ಮುದುಕಿ. ನನ್ನ ಕಡೆ ತಿರುಗಿದಳು. "ನೀವು ಮಾತಾಡಾದೂ ಹಂಗೇಯ, ಮೇಷ್ಟ್ರೇ."

ನಕ್ಕುಬಿಟ್ಟೆ. ಎಡಗಡೆ ಬರೆದುಕೊಂಡೆ: ಏಳು. ಒಂದು ಮೊಟ್ಟೆ. ತಂತಿ.

ಆಮೇಲೆ ಗವಿಗೆ ಹೋದೆ. ಗುಡ್ಡದ ಹಿಂಬದಿಯಲ್ಲಿ ಕಲ್ಲು ಒಡೆಯುವವನು ನನ್ನನ್ನು ಕರೆದುಕೊಂಡು ಹೋಗಲು ಒಪ್ಪಿದ. ದೀಪವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿ ಎಂದ. ಒಳಗೆ ತಲೆಕೆಳಗಾಗಿ ನೇತಾಡುತ್ತಿದ್ದವು, ಒಂದೊಂದು ನನ್ನ ಹೆಬ್ಬೆರಳಿನಷ್ಟು, ಒಂದನ್ನೊಂದು ತಾಗದ ಹಾಗೆ, ಒಂದೊಂದು ಗೇಣು ಬಿಟ್ಟು. ಎಣಿಸಿದೆ, ನೂರಾ ನಲವತ್ತು. ಮೂಗಿನ ಮೇಲೆ ಒಂದು ಎಲೆ ಅಂಟಿಸಿಟ್ಟ ಹಾಗೆ ಚರ್ಮದ ಮಡಿಕೆ. ತಾಯಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಅದನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ಇವು ಕಣ್ಣಿನಿಂದ ನೋಡುವುದಿಲ್ಲ ಎಂದ ಕಲ್ಲು ಒಡೆಯುವವನು. ಮೂಗಿನಿಂದ ಕೂಗುತ್ತವೆ, ನಮ್ಮ ಕಿವಿಗೆ ಸಿಗದಷ್ಟು ಸಣ್ಣಗೆ. ಕೂಗು ಹೋಗಿ ಕಂಬಕ್ಕೆ ತಾಗಿ ಮರಳಿ ಬಂದರೆ ಕಂಬ ಇದೆ. ಚಿಟ್ಟೆಗೆ ತಾಗಿ ಬಂದರೆ ಚಿಟ್ಟೆ ಇದೆ.

ಕತ್ತಲಲ್ಲಿ ನಾನು ಕಟ್ಟಳೆಯನ್ನು ಹೇಳಿಕೊಂಡೆ. ಕರೆದದ್ದು ಕಾಣುತ್ತದೆ. ಕರೆಯದ್ದು ಕಾಣುವುದಿಲ್ಲ. ನಮ್ಮ ಊರಿನ ಕಟ್ಟಳೆಯನ್ನು ಈ ಹೆಬ್ಬೆರಳಿನಷ್ಟು ಜೀವ ನಮಗಿಂತ ಎಷ್ಟು ಮೊದಲಿನಿಂದ ಪಾಲಿಸುತ್ತಿತ್ತೋ.

ಅಷ್ಟರಲ್ಲಿ ಗುಡ್ಡದ ಹಿಂದೆ ಬಂಡೆಗೆ ಮದ್ದು ಹಾರಿಸಿದರು. ಗವಿ ನಡುಗಿತು. ನೂರಾ ನಲವತ್ತೂ ಒಮ್ಮೆಗೇ ಎದ್ದು ಸುತ್ತಿದವು, ನನ್ನ ಕಿವಿಯ ಪಕ್ಕ, ಕತ್ತಿನ ಪಕ್ಕ, ಒಂದೂ ನನ್ನನ್ನು ತಾಗಲಿಲ್ಲ. ಒಂದು ಮರಿ ಮಾತ್ರ ಕೆಳಗೆ ಬಿತ್ತು. ಕಲ್ಲು ಒಡೆಯುವವನು ಅದನ್ನು ಎತ್ತಿ ನೋಡಿ ಅಲ್ಲೇ ಮೆಲ್ಲಗೆ ಇಟ್ಟ. ಕಲ್ಲು ಯಾರಿಗೆ ಹೋಗುತ್ತದೆ ಎಂದು ಕೇಳಿದೆ. ಹಿರಿಯರ ಕಟ್ಟೆಗೆ ಎಂದ. ಕಟ್ಟೆ ದೊಡ್ಡದು ಮಾಡುತ್ತಿದ್ದಾರೆ. ಕಲ್ಲಿನ ಕೋಟೆಯ ಊರು ನಮ್ಮದು.

ಬಲಗಡೆ ಬರೆದುಕೊಂಡೆ: ನೂರಾ ಮೂವತ್ತೊಂಬತ್ತು. ಒಂದು ಮರಿ. ಮದ್ದು.

ಮೂರು ತಿಂಗಳು ತಾಳೆ ನೋಡಿದೆ. ಹಕ್ಕಿ ಕಡಿಮೆ, ಆದರೆ ಬಯಲು ದೊಡ್ಡದು. ಬಾವಲಿ ಹೆಚ್ಚು, ಆದರೆ ಇರುವುದೆಲ್ಲ ಒಂದೇ ಗವಿಯಲ್ಲಿ; ಗವಿ ಹೋದರೆ ಒಂದೇ ಮಧ್ಯಾಹ್ನಕ್ಕೆ ಎಲ್ಲ ಹೋದ ಹಾಗೆ. ಹಕ್ಕಿಯನ್ನು ಕಂಡರೆ ಜನ ನಿಂತು ನೋಡುತ್ತಾರೆ. ಬಾವಲಿಯನ್ನು ಕಂಡರೆ ಕಿಟಕಿ ಮುಚ್ಚುತ್ತಾರೆ. ಹಕ್ಕಿ ಮಿಡತೆ ತಿನ್ನುತ್ತದೆ, ಬಾವಲಿ ಚಿಟ್ಟೆ ತಿನ್ನುತ್ತದೆ, ಎರಡೂ ನಮ್ಮ ಜೋಳ ಕಾಯುತ್ತವೆ. ನಲವತ್ತು ಪುಟ ತುಂಬಿತು. ತಕ್ಕಡಿ ಎತ್ತ ಕಡೆಗೂ ಬಾಗಲಿಲ್ಲ. ಇನ್ನು ಮುಚ್ಚಿಡುವುದೇನು, ಬಿಡುವುದು ಬಾವಲಿ ಎಂದು ಕೊನೆಯ ಪುಟದಲ್ಲಿ ಬರೆದೆ. ಕಾರಣವಾಗಿ ಆರು ವಾಕ್ಯ ಕೊಟ್ಟೆ. ನಿಜವಾದ ಕಾರಣ ಆ ಆರರಲ್ಲಿ ಇರಲಿಲ್ಲ. ಎಲೆಮೂಗಿನ ಬಾವಲಿ ಎಂಬ ಹೆಸರು ಉದ್ದ. ಅದೊಂದು ಹೋದರೆ ಅವಳ ಎದೆಗೆ ಎರಡು ಹೆಸರಿನಷ್ಟು ಆರಾಮ.

ಹಿರಿಯರು ನಲವತ್ತು ಪುಟ ಕೇಳಿ ತಲೆದೂಗಿದರು. ನಾಡಿದ್ದಿನಿಂದ ಬಾವಲಿ ಇಲ್ಲ ಎಂದು ತೀರ್ಮಾನವಾಯಿತು.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಬೆಳಗಿನಿಂದ ಒಂದೂ ಮಾತಾಡಿರಲಿಲ್ಲ.

"ಹೆಸರು ಉದ್ದವೆಂದು ಬಿಟ್ಟಿರಾ?"

ನಾನು ಸುಮ್ಮನಾದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

"ಎರಡೇ ಯಾಕೆ ತೂಗಿದಿರಿ?"

ಆರು ಮಾತು ಆಯಿತು. ಏಳನೆಯದನ್ನು ಸಂಜೆಯವರೆಗೆ ಇಟ್ಟುಕೊಂಡಳು. ದೀಪ ಹಚ್ಚುವ ಹೊತ್ತಿಗೆ ಬಂದು ನನ್ನ ನೋಟುಪುಸ್ತಕದ ಮೇಲೆ ಕೈಯಿಟ್ಟು ಹೇಳಿದಳು: "ಬಿರುದು."

ಒಂಬತ್ತು ಬಿರುದುಗಳನ್ನು ಉಸಿರು ಕಟ್ಟಿ ಹೇಳಿ ನೋಡಿದೆ. ಹದಿನಾಲ್ಕು ಜೀವಗಳಷ್ಟು ಉಸಿರು. ಮೂರು ತಿಂಗಳು ಹಕ್ಕಿಯನ್ನೂ ಬಾವಲಿಯನ್ನೂ ಒಂದರ ಎದುರು ಒಂದಿಟ್ಟು ತೂಗಿದ ನನಗೆ ಇದು ಹೊಳೆದಿರಲಿಲ್ಲ. ಬಿರುದು ತೂಗುವ ವಸ್ತು ಎಂದೇ ನಮ್ಮ ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಬೆಳಗಿನ ಹಾಜರಿ ಮುಗಿದದ್ದೇ ತಡ, ಕಟ್ಟೆಗೆ ಓಡಿದೆ. ದೊಡ್ಡ ಹಿರಿಯ ಕೋಪಿಸಿಕೊಳ್ಳಲಿಲ್ಲ. ಬಹಳ ಒಳ್ಳೆಯ ವಿಚಾರ ಎಂದ. ಒಂದು ಬಿರುದನ್ನು ಬಿಡಬಹುದು, ಯಾವುದು ಎಂದು ತಾಳೆ ನೋಡಲು ನನ್ನನ್ನೇ ನೇಮಿಸಿದ.

"ಒಂಬತ್ತು ಇವೆ. ಒಂದೊಂದಕ್ಕೂ ಮೂರು ತಿಂಗಳು ಬೇಡವೇ, ಮೇಷ್ಟ್ರೇ? ನಿಧಾನವಾಗಿ ಆಗಲಿ. ಅಲ್ಲಿಯ ತನಕ ಬಾವಲಿ ಬಿಡಲಿ."

ಮಾರನೆಯ ಬೆಳಗು. ಗುಡ್ಡದ ಬುಡದಲ್ಲಿ ಅವಳು ಚಪ್ಪಲಿ ಬಿಟ್ಟಳು. ನಾನು ಅವಳಿಗೆ ಸಮಾಧಾನ ಹೇಳುತ್ತಿದ್ದೆ: ಬಾವಲಿ ಹೋದರೆ ಹೋಯಿತು, ನಿನ್ನ ಎದೆಗೆ ಹಗುರ, ಇನ್ನೂ ಹತ್ತು ವರ್ಷ ಕೂಗಬಹುದು, ಬಿರುದಿನ ವಿಷಯ ನಾನು ನೋಡಿಕೊಳ್ಳುತ್ತೇನೆ. ಅವಳು ನನ್ನ ಶಾಲನ್ನು ಎಳೆದು ಸರಿಯಾಗಿ ಹೊದಿಸಿದಳು.

"ನಿಮ್ಮ ಉಸಿರು ಉದ್ದ. ನೀವು ಮಾತಾಡ್ತಾ ಇರಿ. ನಿಲ್ಲಿಸಬೇಡಿ."

ಬೆಳಬೆಳಗ್ಗೆಯೇ ಏಳೂ ಖರ್ಚು ಮಾಡಿದಳಲ್ಲ, ಇವತ್ತು ಪೂರ್ತಿ ಸಂಜ್ಞೆಯಲ್ಲೇ ಬದುಕಬೇಕು ಎಂದು ನಾನು ನಕ್ಕೆ. ನನ್ನನ್ನು ಚುಚ್ಚಿದಳು ಎಂದುಕೊಂಡೆ.

ಅವಳು ಹತ್ತಿದಳು. ಗವಿಯ ಗಾಳಿಯನ್ನು ಎಳೆದುಕೊಂಡಳು. ಒಂಬತ್ತು ಬಿರುದುಗಳೂ ಬಂದವು, ಹಿರಿಯರು ಗಂಟೆಯನ್ನು ಮುಟ್ಟದೆ ಎದ್ದು ಕಾಫಿಗೆ ಹೋದರು. ನಾನು ಬೆರಳು ಮಡಿಸತೊಡಗಿದೆ. ಜಿಂಕೆ, ಮೊಲ, ಉಡ, ಮುಂಗುಸಿ. ಮೊದಲ ಸುತ್ತು. ಗೀಜಗ, ಗೊರವಂಕ, ಕೌಜುಗ. ಎರಡನೆಯ ಸುತ್ತು. ಮೂರನೆಯ ಸುತ್ತಿಗೆ ದನಿ ಸಣ್ಣಗಾಯಿತು. ನಾಲ್ಕನೆಯ ಸುತ್ತಿನಲ್ಲಿ ಎರೆಹಕ್ಕಿ ಬಂತು, ಮಡಿಸಿದೆ. ಅದರ ಮುಂದಿನದನ್ನು ಹಾರಿಸಬೇಕಿತ್ತು. ಹಾರಿಸಲಿಲ್ಲ. ಎಲೆಮೂಗಿನ ಬಾವಲಿ ಎಂದಳು, ಪೂರ್ತಿಯಾಗಿ, ಒಂದಕ್ಷರವನ್ನೂ ಮೊಟಕು ಮಾಡದೆ. ಮಡಿಸಿದೆ. ಮೂವತ್ತೊಂಬತ್ತನೆಯದು ಇರುವೆ, ಗಾಳಿಯಂತೆ ಕೇಳಿಸಿತು. ಮಡಿಸಿದೆ.

ನಲವತ್ತನೆಯದಕ್ಕೆ ಕಾದೆ.

ಕಿರುಬೆರಳು ನೆಟ್ಟಗೆ ನಿಂತಿತ್ತು. ಗವಿಯ ಗಾಳಿ ಒಂದೇ ಕೇಳುತ್ತಿತ್ತು. ಮೇಲಕ್ಕೆ ನೋಡಿದೆ. ಬಂಡೆ ಕಂಡಿತು. ಬಂಡೆಯ ಮೇಲೆ ಬೆಳಗಿನ ಬಿಸಿಲು ಕಂಡಿತು.

ಹಿರಿಯರಿಗೆ ಗೊತ್ತಾದದ್ದು ಮಧ್ಯಾಹ್ನ. ಅವರ ಮೊದಲ ಚಿಂತೆ ನಾಳೆ ಯಾರು ಕೂಗುವುದು ಎಂಬುದು. ಯಾರೂ ಕೂಗದಿದ್ದರೆ ನಲವತ್ತೂ ಇಲ್ಲ, ಬಿರುದಿನ ಊರೂ ಇಲ್ಲ. ರೂಢಿಯಂತೆ ಊರಿನಲ್ಲೇ ಕಡಿಮೆ ಮಾತಿನವನನ್ನು ಹುಡುಕಿದರು. ಅವನೊಬ್ಬ ನೇಕಾರ, ಹೌದು ಅನ್ನುವುದಕ್ಕೂ ಬರೀ ತಲೆಯಾಡಿಸುವವನು. ಬಂಡೆ ಹತ್ತಿಸಿ ಕೂಗಿಸಿ ನೋಡಿದರು. ಏಳನೆಯ ಬಿರುದಿಗೆ ಕೆಮ್ಮು ಬಂತು. ಇನ್ನೊಬ್ಬನನ್ನು ಹತ್ತಿಸಿದರು, ಮತ್ತೊಬ್ಬಳನ್ನು ಹತ್ತಿಸಿದರು. ಸುಮ್ಮನಿದ್ದವರ ಉಸಿರೆಲ್ಲ ಗಿಡ್ಡ. ಬೇರೆ ದಾರಿ ಕಾಣದೆ, ಮುಜುಗರದಿಂದ, ಊರಿನ ವಾಚಾಳಿಯನ್ನು ಕಳಿಸಿದರು.

ಮಾರನೆಯ ಬೆಳಗ್ಗೆ ನಾನು ಹತ್ತಿದೆ. ಗವಿಯ ಗಾಳಿಯನ್ನು ಎಳೆದುಕೊಂಡೆ. ಒಂಬತ್ತು ಬಿರುದು ಹೇಳಿದೆ, ಮೂವತ್ತೊಂಬತ್ತು ಹೆಸರು ಹೇಳಿದೆ, ಕೂಗುವವನು ಎಂದು ನನ್ನನ್ನೂ ಕರೆದುಕೊಂಡೆ. ಎದೆಯಲ್ಲಿ ಇನ್ನೂ ಉಸಿರಿತ್ತು. ಇನ್ನೂ ಅಷ್ಟೇ ಹೆಸರು ಹೇಳಬಹುದಾಗಿತ್ತು.

ಉಸಿರು ಹಿಡಿದೇ ಬಂಡೆಯ ಮೇಲೆ ಕೂತೆ. ಮೂವತ್ತೆರಡು ವರ್ಷ ಕೊನೆಯ ಬೆಂಚಿನವರೆಗೆ ಕೇಳಿಸುವಂತೆ ಪಾಠ ಹೇಳಿದ ಎದೆ ಇದು. ಅವಳದೋ, ನಾವು ನಲವತ್ತು ವರ್ಷ ಹಾಡದಂತೆ, ನಗದಂತೆ, ದಿನಕ್ಕೆ ಏಳು ಮಾತಿಗೆ ಕಟ್ಟಿಹಾಕಿದ ಎದೆ. ಉಳಿಸುತ್ತಿದ್ದೇವೆ ಎಂದುಕೊಂಡು ಅವಳ ಉಸಿರನ್ನು ನಾವೇ ಒಣಗಿಸಿದೆವು. ಅವಳಿಗೆ ಅದು ಯಾವಾಗಲೋ ತಿಳಿದಿತ್ತು. ನಿಮ್ಮ ಉಸಿರು ಉದ್ದ ಎಂದಳು. ನಾನು ನಕ್ಕೆ.

ಮಿಕ್ಕ ಉಸಿರಿನಲ್ಲಿ ಅವಳ ಹೆಸರನ್ನು ಕೂಗಿದೆ. ಕೂಗುವವಳು ಎಂದಲ್ಲ; ತೊಟ್ಟಿಲಲ್ಲಿ ಇಟ್ಟ ಹೆಸರು. ಮದುವೆಯ ಕರೆಯೋಲೆಯಲ್ಲಿ ಓದಿದ ಮೇಲೆ ನನ್ನ ಬಾಯಿಗೆ ಅದು ಬಂದದ್ದು ಅಂದೇ ಮೊದಲು. ಇಲ್ಲಿ ಅದನ್ನು ಬರೆಯುವುದಿಲ್ಲ. ಕಾಗದಕ್ಕೆ ಉಸಿರಿಲ್ಲ.

ಮನೆಗೆ ಬಂದರೆ ಹೊಸ್ತಿಲ ಕಲ್ಲಿನ ಮೇಲೆ ಒದ್ದೆ ಹೆಜ್ಜೆ. ಗುಡ್ಡದಿಂದ ಇಳಿದು ಬಂದು ಕಾಲು ತೊಳೆದು ಒಳಗೆ ಬರುತ್ತಿದ್ದಳಲ್ಲ, ಆ ಹೆಜ್ಜೆ. ಒಂದೇ. ಬಲಗಾಲಿನದು. ನರಿಯ ಲೆಕ್ಕ ನೆನಪಾಯಿತು. ಒಂಬತ್ತು ದಿನ.

ಅಂದಿನಿಂದ ನಾನು ಮಾತು ನಿಲ್ಲಿಸಿಲ್ಲ. ನರಿಯನ್ನು ಅವರು ದಿನಕ್ಕೊಮ್ಮೆ ಕರೆದು ಕೆಳಗಿಳಿಯುತ್ತಿದ್ದರು. ನಾನು ಕೆಳಗಿಳಿದ ಮೇಲೂ ಕರೆಯುತ್ತೇನೆ. ಒಲೆ ಹಚ್ಚುತ್ತ ಅವಳಿಗೆ ಹೇಳುತ್ತೇನೆ, ದೋಸೆ ಹೊಯ್ಯುತ್ತ ಹೇಳುತ್ತೇನೆ, ಎರೆಹಕ್ಕಿಗಳು ಏಳು ಇವೆ, ಬಾವಲಿ ನೂರಾ ಮೂವತ್ತೊಂಬತ್ತು ಇವೆ, ನೀನು ಕರೆದವು ಎಲ್ಲ ಕಾಣುತ್ತಿವೆ ಎಂದು ಹೇಳುತ್ತೇನೆ.

ಹತ್ತನೆಯ ದಿನ ಆ ಮಾತು ಸುಳ್ಳಾಯಿತು. ಕುರಿ ಕಾಯುವ ಮುದುಕಿ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ತಂತಿಗೆ ಬಡಿದು ಕತ್ತು ಮುರಿದ ಹಕ್ಕಿ. ಈಗ ಆರು. ಕರೆದದ್ದು ಕಾಣುತ್ತದೆ ಎಂದಷ್ಟೇ ಇತ್ತು; ಕಂಡದ್ದು ಬದುಕುತ್ತದೆ ಎಂದು ಕಟ್ಟಳೆಯಲ್ಲಿ ಎಲ್ಲೂ ಇರಲಿಲ್ಲ. ಆ ಹಕ್ಕಿಯನ್ನು ಹಿರಿಯರ ಹೊಸ ಕಟ್ಟೆಯ ಮೇಲೆ ಮಲಗಿಸಿ, ಎದುರಿಗೆ ನಿಂತು ಮಾತು ಶುರುಮಾಡಿದೆ. ತಂತಿಯನ್ನು ಬಯಲಿನ ಮೇಲಿಂದ ತೆಗೆದು ನೆಲದೊಳಗೆ ಹಾಕಿ ಎಂದೆ. ಗವಿಯ ಹತ್ತಿರ ಮದ್ದು ನಿಲ್ಲಿಸಿ ಎಂದೆ. ಮಧ್ಯಾಹ್ನವಾಯಿತು. ಕುಡಿದು ಮುಗಿಸಿದ ಲೋಟಗಳನ್ನು ಮುಂದಿಟ್ಟುಕೊಂಡು ಹಿರಿಯರು ಕೂತಿದ್ದರು.

"ಮೇಷ್ಟ್ರೇ, ಸ್ವಲ್ಪ ನಿಲ್ಲಿಸಿ," ಎಂದ ದೊಡ್ಡ ಹಿರಿಯ. "ನಾಳೆ ಹಾಜರಿ ಇದೆ. ಉಸಿರು ಉಳಿಸಿಕೊಳ್ಳಿ."

ನಿಲ್ಲಿಸಲಿಲ್ಲ. ನಿನ್ನೆಯೂ ಹೋಗಿದ್ದೆ, ಇವತ್ತೂ ಹೋಗಿದ್ದೆ. ತಂತಿ ಹಾಗೇ ಇದೆ. ಮದ್ದು ಹಾಗೇ ಹಾರುತ್ತಿದೆ. ನಾಳೆಯೂ ಹೋಗುತ್ತೇನೆ.

ಇವತ್ತಿಗೆ ಹನ್ನೆರಡನೆಯ ದಿನ. ಹೊಸ್ತಿಲ ಮೇಲಿನ ಹೆಜ್ಜೆ ಒಂಬತ್ತನೆಯ ದಿನ ಹಿಮ್ಮಡಿಯಿಂದ ಅಳಿಯತೊಡಗಿತು. ಹತ್ತಕ್ಕೆ ಅಂಗಾಲು ಹೋಯಿತು. ಬೆರಳುಗಳು ಉಳಿದವು, ಒಳಮುಖವಾಗಿ. ಈಗ ಬಂಡೆಯಿಂದ ಇಳಿದ ಕೂಡಲೇ, ಒಂದೇ ಸಮ ಮಾತಾಡುತ್ತಲೇ, ಓಡೋಡಿ ಬರುತ್ತೇನೆ. ಬಗ್ಗಿ ಕೂತು, ನನ್ನ ಕೈಬೆರಳನ್ನು ಒಂದೊಂದಾಗಿ ಮಡಿಸುತ್ತ ಆ ಕಾಲ್ಬೆರಳುಗಳ ಗುರುತನ್ನು ಎಣಿಸುತ್ತೇನೆ.

ಇವತ್ತೂ ಐದು.